ಕೇರಿಗೊಂದು ಪುಸ್ತಕ, ಮನೆಗೊಂದು ರೇಡಿಯೊ
(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಕಂಪ್ಯೂಟರ್ ಬಗ್ಗೆ ನಾಲ್ಕು ಮಾತಾಡು ಎಂದು ನಮ್ಮ ಮಾಷ್ಟ್ರು ಹೇಳಿದ್ದರು. ಕ್ಷಮಿಸಬೇಕು, ನಾನು ರೇಡಿಯೊ ಬಗ್ಗೆ ಮಾತಾಡುತ್ತೇನೆ. ಅದಕ್ಕೆ ಕಾರಣ 2020ರ ಸೆಪ್ಟೆಂಬರ್ 20ರ ಭಾನುವಾರ.

ಹಿಂದಿನ ರಾತ್ರಿಯಿಡೀ ಸುರಿದ ಮಳೆಗೆ ನಮ್ಮ ಜಿಲ್ಲೆಯ ಹೊಳೆಗಳು ಉಕ್ಕಿದ್ದವು. ಜನರನ್ನು ದೋಣಿಗಳಲ್ಲಿ ಹೊರತರಬೇಕಾಯಿತು. ಎನ್‌ಡಿಆರ್‌ಎಫ್ ತಂಡವೂ ಬಂತು. ನಾನು ಬೆಂಗಳೂರಿನಲ್ಲಿದ್ದೆ. ಬೆಳಿಗ್ಗೆ ಐದರಿಂದ ಎಷ್ಟು ಸಲ ಫೋನ್ ಮಾಡಿದರೂ ಅಮ್ಮ ಸಿಗಲಿಲ್ಲ. ವಾಟ್ಸಾಪಿನಲ್ಲಿ ಮಾತ್ರ ರಾಶಿ ರಾಶಿ ವಿಡಿಯೊ. ಯಾವುದು ಇವತ್ತಿನದು, ಯಾವುದು ಬೇರೆ ಊರಿನದು, ಒಂದೂ ತಿಳಿಯದು. ಮಧ್ಯಾಹ್ನ ಯಾರದೋ ಫೋನಿನಿಂದ ಅಮ್ಮನ ದನಿ ಕೇಳಿತು. ಅವರಿಗೆ ಕಿವಿ ಮಂದ, ಮೊಣಕಾಲು ನೋವು. ಪಕ್ಕದ ಮನೆಯವರು ಹಿತ್ತಿಲಿಂದ ಬಂದು, ಅಮ್ಮ ಮಲಗುವ ಕೋಣೆಯ ಕಿಟಕಿಯನ್ನೇ ಬಡಿದು, “ಹ್ವಾಯ್ ಅಮ್ಮ, ನೀರ್ ಬಂತ್, ಏಳಿ” ಎಂದು ಎಬ್ಬಿಸಿ ಹೊತ್ತು ತಂದಿದ್ದರು.

ಫೋನ್ ಯಾಕೆ ಕೈಕೊಡುತ್ತದೆ? ಕರೆಂಟು ಹೋದರೆ ಟವರ್ ಬ್ಯಾಟರಿಯ ಮೇಲೆ ಕೆಲವು ಗಂಟೆ ನಡೆಯಬಹುದು, ಅಷ್ಟೇ. ಊರೆಲ್ಲ ಒಮ್ಮೆಲೇ ಕರೆ ಮಾಡಿದರೆ ಇದ್ದ ಟವರಿಗೂ ತಡೆಯುವುದಿಲ್ಲ. ರೇಡಿಯೊಗೆ ಈ ತೊಂದರೆ ಇಲ್ಲ. ಹತ್ತು ಜನ ಕೇಳಿದರೂ ಹತ್ತು ಸಾವಿರ ಜನ ಕೇಳಿದರೂ ಅದಕ್ಕೆ ಒಂದೇ. ಮನೆಯಲ್ಲಿ ಎರಡು ಸೆಲ್ಲು ಸಾಕು. ಅದರಲ್ಲೂ ಸಮುದಾಯ ಬಾನುಲಿ ಎಂದರೆ ಸಾಮಾನ್ಯವಾಗಿ 100 ವಾಟ್ ಶಕ್ತಿಯ, ಸುತ್ತಲಿನ ಹತ್ತು ಹದಿನೈದು ಕಿಲೋಮೀಟರಿಗಷ್ಟೇ ಮಾತಾಡುವ ಕೇಂದ್ರ. 2006ರಿಂದ ಸ್ವಯಂಸೇವಾ ಸಂಸ್ಥೆಗಳಿಗೂ ಇದಕ್ಕೆ ಅನುಮತಿ ಇದೆ. ಅದು ತನ್ನದೇ ಸುದ್ದಿ ಬಿತ್ತರಿಸುವಂತಿಲ್ಲ. ಆದರೆ ಹವಾಮಾನ, ನೆರೆ, ನೀರು, ಕರೆಂಟಿನ ಬಗ್ಗೆ ಆಡಳಿತ ಕೊಟ್ಟ ಮಾಹಿತಿಯನ್ನು ಹೇಳಬಹುದು. ನಮ್ಮ ಜಿಲ್ಲೆಯಲ್ಲೇ ಮಣಿಪಾಲದಲ್ಲಿ 90.4ರಲ್ಲಿ ಇಂಥ ಕೇಂದ್ರವಿದೆ. ನೆರೆಯ ವಯನಾಡಿನಲ್ಲಿ 2018ರ ಪ್ರವಾಹದ ಹೊತ್ತು ರೇಡಿಯೊ ಮಾಟ್ಟೊಲಿ ಜನರ ನೆರವಿಗೆ ನಿಂತಿತ್ತು.

ಪಟ್ಟಣದ ಉದಾಹರಣೆ ಬೇಕೆಂದರೆ ಜಪಾನಿನ ಕೋಬೆ. 1995ರ ಜನವರಿ 17ರ ಭೂಕಂಪದಲ್ಲಿ ಅನೇಕರನ್ನು ಅವಶೇಷಗಳಿಂದ ಎಳೆದು ಉಳಿಸಿದವರು ಮನೆಯವರು, ನೆರೆಯವರು. ಆಮೇಲೆ ಅಲ್ಲಿನ ನಗಾತಾ ಎಂಬ ಬಡಾವಣೆಯಲ್ಲಿ ಕೊರಿಯನ್ನರಿಗೆ, ವಿಯೆಟ್ನಾಮಿನವರಿಗೆ ಅವರವರ ಭಾಷೆಯಲ್ಲೇ ಮಾಹಿತಿ ಕೊಡಲು ಪುಟ್ಟ ರೇಡಿಯೊಗಳು ಹುಟ್ಟಿದವು. ನಮ್ಮಲ್ಲಿಯೂ ಶೆಡ್ಡುಗಳಲ್ಲಿ ಇರುವ ಹೊರಜಿಲ್ಲೆ, ಹೊರರಾಜ್ಯಗಳ ಕೂಲಿಯವರಿದ್ದಾರೆ, ಸರಕಾರ ಕೊಟ್ಟ ಐದು ಸೆಂಟ್ಸ್ ಕಾಲನಿಗಳಿವೆ. ಅಲ್ಲಿ ಮನೆಗೆ ಮನೆ ತಾಗಿದೆ, ಆದರೆ ಹೊಸದಾಗಿ ಬಂದವರ ಪರಿಚಯ ಎಷ್ಟು ಜನರಿಗಿದೆ?

ರೇಡಿಯೊ ಎಲ್ಲವನ್ನೂ ಮಾಡುತ್ತದೆಂದು ನಾನು ಹೇಳುವುದಿಲ್ಲ. ಬೆಳಗಿನ ಜಾವ ಮೂರು ಗಂಟೆಗೆ ನಿದ್ದೆಯಲ್ಲಿರುವವರನ್ನು ಅದು ಎಬ್ಬಿಸಲಾರದು. ಎಬ್ಬಿಸಲು ಕೇರಿಯೇ ಬೇಕು. ಬಾರ್ಕೂರಿಗೆ ಇದು ಹೊಸತಲ್ಲ. ನಮ್ಮ ಶಾಸನಗಳಲ್ಲಿ ಹತ್ತು ಕೇರಿಗಳ ಮಾತು ಬರುತ್ತದೆ, ಊರಿನ ವಿಚಾರ ನೋಡಿಕೊಳ್ಳುತ್ತಿದ್ದ ‘ಹಲರು’ ಬರುತ್ತಾರೆ. ಮೂಡುಕೇರಿ, ಚೌಳಿಕೇರಿ, ಕೋಟೆಕೇರಿ ಎಂಬ ಹೆಸರುಗಳು ಇಂದಿಗೂ ಇವೆ.

ಹಾಗಾಗಿ ನನ್ನ ಬೇಡಿಕೆ ಎರಡು. ಒಂದು, ಶಾಲೆಯ ಮಕ್ಕಳು ಪ್ರತಿವರ್ಷ ಮೇ ಕೊನೆಯ ವಾರ ತಮ್ಮ ಕೇರಿಯ, ಕಾಲನಿಯ ಒಂದು ಪುಸ್ತಕ ಬರೆಯಲಿ: ಒಬ್ಬರೇ ಇರುವವರು ಯಾರು, ನಡೆಯಲಾಗದವರು ಯಾರು, ದೋಣಿ ಯಾರಲ್ಲಿದೆ, ಎತ್ತರದ ಮನೆ ಯಾವುದು, ಯಾರ ಬಾಗಿಲನ್ನು ಯಾರು ಬಡಿಯಬೇಕು. ಮನೆಯವರ ಒಪ್ಪಿಗೆ ಪಡೆದೇ ಬರೆಯಬೇಕು. ಪುಸ್ತಕ ಕೇರಿಯ ಇಬ್ಬರು ಹಿರಿಯರ ಕೈಯಲ್ಲಿರಲಿ, ಫೋನಿನಲ್ಲಿ ತಿರುಗಾಡುವುದು ಬೇಡ. ಎರಡು, ಪ್ರತಿ ಮನೆಯಲ್ಲಿ ಸೆಲ್ಲಿನ ರೇಡಿಯೊ ಇರಲಿ. ನಮ್ಮ ಊರಿಗೆ ದನಿ ಸರಿಯಾಗಿ ತಲುಪುವ ಕೇಂದ್ರ ಯಾವುದೆಂದು ಮಕ್ಕಳೇ ಕೇರಿ ಕೇರಿ ತಿರುಗಿ ಪರೀಕ್ಷಿಸಲಿ. ಕೊಳ್ಳಲಾಗದ ಮನೆಗಳ ರೇಡಿಯೊ ಖರ್ಚು ನಮ್ಮ ಬ್ಯಾಚಿನದು.

ಅಮ್ಮನನ್ನು ಹೊತ್ತು ತಂದ ಆ ನೆರೆಯವರು ಈಗ ಮಗನ ಜೊತೆ ಮಂಗಳೂರಿನಲ್ಲಿದ್ದಾರೆ. ಅಮ್ಮ ಈಗಲೂ ಅದೇ ಕೋಣೆಯಲ್ಲಿ ಮಲಗುತ್ತಾರೆ. ನಾನು ಈಗಲೂ ಬೆಂಗಳೂರಿನಲ್ಲೇ ಇದ್ದೇನೆ. ಮಕ್ಕಳೇ, ನಮ್ಮ ಕೇರಿಯ ಪುಸ್ತಕ ಬರೆಯುವಾಗ ಆ ಕಿಟಕಿಯನ್ನು ದಯವಿಟ್ಟು ಮೊದಲ ಪುಟದಲ್ಲಿ ಬರೆಯಿರಿ.