ಸಣ್ಣ ಕಾರಿನ ಸ್ಪಾರ್ಕ್ ಪ್ಲಗ್ಗು

ನಮ್ಮ ಹಿರಿಯರು ಚಕ್ಕಡಿಯ ಅಚ್ಚಿಗೆ ಕೀಲೆಣ್ಣೆ ಹಾಕದೆ ಪರವೂರಿಗೆ ಹೊರಡುತ್ತಿರಲಿಲ್ಲ. ಗಾಲಿ ಬಿಗಿದರೆ ಎತ್ತಿಗೆ ಕಷ್ಟ, ಎತ್ತಿಗೆ ಕಷ್ಟವಾದರೆ ಒಕ್ಕಲುತನಕ್ಕೆ ನಷ್ಟ ಎಂಬುದನ್ನು ಅವರು ಬಲ್ಲವರಾಗಿದ್ದರು. ಇಂದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಚಕ್ಕಡಿ ನಿಲ್ಲುತ್ತಿದ್ದ ಅಂಗಳದಲ್ಲಿ ಸಣ್ಣ ಕಾರೊಂದು ನಿಂತಿರುವುದು ಅಪರೂಪದ ನೋಟವಲ್ಲ. ಅದರ ಮೈ ತೊಳೆಯುತ್ತೇವೆ. ದಸರೆಗೆ ಪೂಜೆ ಮಾಡುತ್ತೇವೆ. ಗಾಲಿಯ ಕೆಳಗೆ ಇಂಡಿಯ ನಿಂಬೆಹಣ್ಣನ್ನೇ ಇಟ್ಟು ದೃಷ್ಟಿ ತೆಗೆಯುತ್ತೇವೆ. ಆದರೆ ಎಂಜಿನ್ನಿನ ತಲೆಯಲ್ಲಿ ಹುದುಗಿ ಕುಳಿತ ಬೆರಳುದ್ದದ ಸಾಮಾನೊಂದನ್ನು ಮಾತ್ರ ಅದು ಕೈಕೊಡುವ ತನಕ ನೆನೆಯುವುದಿಲ್ಲ. ಅದೇ ಸ್ಪಾರ್ಕ್ ಪ್ಲಗ್ಗು.

ಇದರ ಕೆಲಸವೇನು? ಪೆಟ್ರೋಲು ಮತ್ತು ಗಾಳಿಯ ಮಿಶ್ರಣವನ್ನು ಪಿಸ್ಟನ್ನು ಒತ್ತಿ ಹಿಡಿದಾಗ, ಸರಿಯಾದ ಕ್ಷಣಕ್ಕೆ ಒಂದು ಕಿಡಿ ಕೊಡುವುದು. ಪ್ಲಗ್ಗಿನ ತುದಿಯಲ್ಲಿ ನಡುವೆ ಒಂದು ಕಡ್ಡಿ, ಅದರ ಮೇಲೆ ಬಾಗಿದ ಒಂದು ಕೊಕ್ಕೆ, ಇವೆರಡರ ನಡುವೆ ಒಂದು ಮಿಲಿಮೀಟರಿನ ಆಸುಪಾಸಿನ ಸಂದು. ಬ್ಯಾಟರಿಯ 12 ವೋಲ್ಟನ್ನು ಕಾಯಿಲ್ ಎಂಬ ಸುರುಳಿ ಹತ್ತು, ಇಪ್ಪತ್ತು ಸಾವಿರ ವೋಲ್ಟಿಗೆ ಏರಿಸುತ್ತದೆ. ಅಷ್ಟು ಒತ್ತಡಕ್ಕೆ ವಿದ್ಯುತ್ತು ಆ ಸಂದನ್ನು ಹಾರುತ್ತದೆ. ಎಂಜಿನ್ನು ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಒಂದೊಂದು ಪ್ಲಗ್ಗು ಸೆಕೆಂಡಿಗೆ 25 ಕಿಡಿ ಕೊಡಬೇಕು. ಗಂಟೆಗೆ 60 ಕಿಲೋಮೀಟರಿನ ಓಟದಲ್ಲಿ ಇದೇ ಲೆಕ್ಕ ಹಿಡಿದರೆ 30,000 ಕಿಲೋಮೀಟರಿಗೆ ನಾಲ್ಕೂವರೆ ಕೋಟಿ ಕಿಡಿಗಳಾದವು. ಪ್ರತಿಯೊಂದು ಕಿಡಿಯೂ ಲೋಹವನ್ನು ಎಳ್ಳಷ್ಟಾದರೂ ಅಲ್ಲ, ಅದಕ್ಕಿಂತ ಸೂಕ್ಷ್ಮವಾಗಿ ತಿನ್ನುತ್ತದೆ. ಸಂದು ಹಿಗ್ಗುತ್ತದೆ. ಹಿಗ್ಗಿದ ಸಂದನ್ನು ಹಾರಲು ಹೆಚ್ಚು ವೋಲ್ಟು ಬೇಕಾಗುತ್ತದೆ.

ಹಗಲೆಲ್ಲ ಓಡಿದ ಗಾಡಿ ನಸುಕಿನಲ್ಲಿ ಏಳದಿರುವ ಗುಟ್ಟು ಇಲ್ಲಿದೆ. ಸ್ಟಾರ್ಟರು ತಿರುಗುವಾಗ ಬ್ಯಾಟರಿಯ ಬಹುಪಾಲು ಶಕ್ತಿಯನ್ನು ಅದೇ ಎಳೆದುಕೊಳ್ಳುತ್ತದೆ. ಕಾಯಿಲ್‌ಗೆ ಸಿಗುವುದು ಕಡಿಮೆ. ಪ್ಲಗ್ಗು ಹೊಸದಾಗಿದ್ದರೆ ಅಷ್ಟರಲ್ಲೇ ಕಿಡಿ ಹಾರೀತು. ಸವೆದಿದ್ದರೆ ಹಾರದು. ಅಂದರೆ ಸವೆದ ಪ್ಲಗ್ಗು ಕೈಕೊಡುವುದು ಸಾಮಾನ್ಯವಾಗಿ ನಿಮಗೆ ಗಾಡಿ ಅತ್ಯಗತ್ಯವಾದ ಹೊತ್ತಿನಲ್ಲಿಯೇ.

ಈ ಮಾತು ನಮ್ಮ ನಾಲ್ಕು ಊರುಗಳಿಗೆ ಹೆಚ್ಚು ಅನ್ವಯಿಸುತ್ತದೆ. ಸಿಂದಗಿಗೂ ಮುದ್ದೇಬಿಹಾಳಕ್ಕೂ ರೈಲಿಲ್ಲ. ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್ ಎಂಬ ನಿಲ್ದಾಣಗಳಿವೆ; ಹೆಸರೇ ಹೇಳುವಂತೆ ಅವು ಊರಲ್ಲಿಲ್ಲ, ಊರಿನ ದಾರಿಯಲ್ಲಿವೆ. ನಡುರಾತ್ರಿ ಬಸುರಿ ಹೆಣ್ಣುಮಗಳನ್ನೋ ಎದೆನೋವಿನ ಹಿರಿಯರನ್ನೋ ವಿಜಯಪುರದ ದೊಡ್ಡ ದವಾಖಾನೆಗೆ ಒಯ್ಯಬೇಕಾದರೆ ಮನೆಯ ಗಾಡಿಯೇ ಆಸರೆಯಾಗುವುದುಂಟು. ಅಂಥ ರಾತ್ರಿ ಚಾವಿ ತಿರುಗಿಸಿದ ಕೂಡಲೆ ಎಂಜಿನ್ನು ಏಳಬೇಕು.

ಹಾಗಾದರೆ ಯಾವಾಗ ಬದಲಿಸಬೇಕು? ಕೆಟ್ಟ ಮೇಲೆ ಅಲ್ಲ, ಲೆಕ್ಕ ತುಂಬಿದಾಗ. ಸಾಮಾನ್ಯ ನಿಕ್ಕಲ್ ತುದಿಯ ಪ್ಲಗ್ಗಿಗೆ 20,000ದಿಂದ 30,000 ಕಿಲೋಮೀಟರು ಆಯುಷ್ಯ. ಪ್ಲಾಟಿನಂ ತುದಿಯದು 60,000ದ ವರೆಗೆ, ಇರಿಡಿಯಂ ತುದಿಯದು ಅದಕ್ಕೂ ಹೆಚ್ಚು ಬಾಳುತ್ತದೆ. ನಿಮ್ಮ ಗಾಡಿಯ ಕೈಪಿಡಿಯಲ್ಲಿ ಬರೆದ ಅಂಕಿಯೇ ಕೊನೆಯ ಮಾತು. ಗ್ಯಾಸಿನ ಮೇಲೆ ಓಡುವ ಗಾಡಿಗೆ ಕಿಡಿಯ ಒತ್ತಡ ಹೆಚ್ಚು ಬೇಕಾಗುವುದರಿಂದ ಪ್ಲಗ್ಗನ್ನು ಇನ್ನೂ ಬೇಗ ನೋಡಬೇಕು. ಡೀಸೆಲ್ ಗಾಡಿಯವರಿಗೆ ಈ ಚಿಂತೆಯಿಲ್ಲ; ಅದರಲ್ಲಿ ಸ್ಪಾರ್ಕ್ ಪ್ಲಗ್ಗೇ ಇರುವುದಿಲ್ಲ.

ನಮ್ಮ ಕಡೆಯ ಓಡಾಟಕ್ಕೆ ಇನ್ನೊಂದು ಎಚ್ಚರಿಕೆ ಬೇಕು. ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ ಎರಡೆರಡು ಕಿಲೋಮೀಟರಿನ ಓಟ, ಆಮೇಲೆ ನಾಲ್ಕು ದಿನ ನೆರಳಿನಲ್ಲಿ ವಿಶ್ರಾಂತಿ. ಪ್ಲಗ್ಗಿನ ತುದಿ ಸುಮಾರು 450 ಡಿಗ್ರಿ ಸೆಲ್ಸಿಯಸ್ಸಿಗಿಂತ ಮೇಲೆ ಕಾದಾಗ ಮಾತ್ರ ಅದರ ಮೇಲಿನ ಮಸಿ ತಾನಾಗಿ ಸುಟ್ಟುಹೋಗುತ್ತದೆ. ಗಿಡ್ಡ ಓಟದಲ್ಲಿ ಅಷ್ಟು ಕಾಯುವುದಿಲ್ಲ. ಮಸಿ ಕೂಡುತ್ತಲೇ ಹೋಗುತ್ತದೆ. ಆದ್ದರಿಂದ ಕಿಲೋಮೀಟರು ಕಡಿಮೆಯಾಗಿದ್ದರೂ ವರುಷಕ್ಕೊಮ್ಮೆ ಪ್ಲಗ್ಗು ಬಿಚ್ಚಿ ನೋಡುವುದು ಒಳಿತು.

ಕೆಲವು ಲಕ್ಷಣಗಳೂ ಉಂಟು. ನಿಂತಲ್ಲೇ ಎಂಜಿನ್ನು ನಡುಗುವುದು, ಏರು ಹತ್ತುವಾಗ ಮುಗ್ಗರಿಸುವುದು, ಮುಂಜಾನೆ ಎರಡು ಮೂರು ಸಲ ಚಾವಿ ತಿರುಗಿಸಬೇಕಾಗುವುದು. 1983ರಲ್ಲಿ ಬಂದ ಮಾರುತಿ 800ರಂಥ ಮೂರು ಸಿಲಿಂಡರಿನ ಗಾಡಿಯಲ್ಲಿ ಒಂದು ಪ್ಲಗ್ಗು ಸತ್ತರೆ ಮೂರನೆಯ ಒಂದು ಪಾಲು ಬಲವೇ ಹೋದಂತೆ. ಗಾಡಿಯ ಮೈಯೆಲ್ಲ ನಡುಗಿ ಅದನ್ನು ಸಾರುತ್ತದೆ. ಹಾಗೆಯೇ ಓಡಿಸಿದರೆ ಸುಡದ ಪೆಟ್ರೋಲು ಹೊಗೆಕೊಳವೆಗೆ ಇಳಿದು, ಅಲ್ಲಿ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸುತ್ತದೆ. ಅದರ ಬೆಲೆಯೆದುರು ಪ್ಲಗ್ಗಿನ ಬೆಲೆ ಏನೂ ಅಲ್ಲ.

ಆದರೆ ಎಲ್ಲ ತಪ್ಪನ್ನೂ ಪ್ಲಗ್ಗಿನ ಮೇಲೆ ಹೊರಿಸಬಾರದು. "ಮಿಸ್ತ್ರಿ, ಗಾಡಿ ಜಗ್ಗವಲ್ದು ನೋಡಪಾ" ಎಂದರೆ, "ಪ್ಲಗ್ ಹೋಗ್ಯಾವ್ರೀ ಸಾವಕಾರ್ರ, ಎಲ್ಲಾ ತೆಗದ್ ಒಗಿಯೂಣ್ರಿ" ಎಂಬ ಉತ್ತರ ಸುಲಭ. ಧೂಳು ತುಂಬಿದ ಗಾಳಿಯ ಫಿಲ್ಟರೂ ಗಾಡಿಯನ್ನು ಜಗ್ಗಗೊಡುವುದಿಲ್ಲ. ಪೆಟ್ರೋಲಿಗೆ ಎಥೆನಾಲ್ ಬೆರೆಸುವ ಪ್ರಮಾಣ 2025ರಲ್ಲಿ ಶೇಕಡ 20ಕ್ಕೆ ಮುಟ್ಟಿತು. ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಶಕ್ತಿ ಕಡಿಮೆ. ಮೈಲೇಜು ತುಸು ಇಳಿದಿದ್ದರೆ ಅದೂ ಒಂದು ಕಾರಣವಿರಬಹುದು. ಅದಕ್ಕೇ ಹಳೆಯ ಪ್ಲಗ್ಗನ್ನು ಒಗೆಯುವ ಮೊದಲು ಅದರ ಮುಖ ನೋಡಿ ಎನ್ನುವುದು.

ಈಗ ಬದಲಿಸುವ ಬಗೆ. ಮೊದಲು ಎಂಜಿನ್ನು ಪೂರ್ತಿ ತಣ್ಣಗಾಗಲಿ. ಸಿಲಿಂಡರಿನ ತಲೆ ಅಲ್ಯೂಮಿನಿಯಮ್ಮಿನದು. ಬಿಸಿಯಲ್ಲಿ ಬಿಚ್ಚಿದರೆ ಥ್ರೆಡ್ಡು ಕಿತ್ತು ಬಂದೀತು. ಹಳೆಯ ಗಾಡಿಯಲ್ಲಿ ಪ್ಲಗ್ಗಿನ ತಲೆಗೆ ದಪ್ಪ ವಯರು ಇರುತ್ತದೆ. ವಯರನ್ನು ಎಳೆಯದೆ ಅದರ ರಬ್ಬರು ಟೋಪಿಯನ್ನು ಹಿಡಿದು ತೆಗೆಯಿರಿ. ಹೊಸ ಗಾಡಿಯಲ್ಲಿ ಪ್ಲಗ್ಗಿನ ಮೇಲೆಯೇ ಕಾಯಿಲ್ ಕೂತಿರುತ್ತದೆ. ಚಾವಿ ಬಂದ್ ಮಾಡಿ, ಅದರ ಬೋಲ್ಟು ಬಿಚ್ಚಿ ಮೇಲೆತ್ತಿರಿ. ಒಂದು ಪ್ಲಗ್ಗಿನ ಕೆಲಸ ಮುಗಿದ ಮೇಲೆಯೇ ಇನ್ನೊಂದಕ್ಕೆ ಕೈ ಹಾಕಿ. ಎಲ್ಲ ವಯರುಗಳನ್ನೂ ಒಮ್ಮೆಲೇ ತೆಗೆದರೆ ಯಾವುದು ಎಲ್ಲಿಯದು ಎಂಬ ಗೊಂದಲವಾದೀತು.

ಮುಂದಿನ ಮಾತನ್ನು ನಮ್ಮ ಸೀಮೆಯವರು ಮರೆಯಲೇಬಾರದು. ಡೋಣಿ ಸಾಲಿನ ಎರೆಮಣ್ಣಿನ ಧೂಳು ಬೇಸಿಗೆಯಲ್ಲಿ ಎಲ್ಲಿಗೆ ಹೋಗುವುದಿಲ್ಲ? ಪ್ಲಗ್ಗು ಕೂತ ಕುಳಿಯಲ್ಲಿಯೂ ಅದು ತುಂಬಿರುತ್ತದೆ. ಹಾಗೆಯೇ ಬಿಚ್ಚಿದರೆ ಆ ಧೂಳು ನೇರವಾಗಿ ಸಿಲಿಂಡರಿಗೆ ಬಿದ್ದು ಪಿಸ್ಟನ್ನಿನ ಉಂಗುರಗಳನ್ನು ಅರೆಯುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವ ಪಂಪಾದರೂ ಸರಿ, ಕುಳಿಗೆ ಚೆನ್ನಾಗಿ ಗಾಳಿ ಹೊಡೆದು ಧೂಳು ಹಾರಿಸಿ, ಆಮೇಲೆ ಪ್ಲಗ್ ಪಾನಾ ಇಳಿಸಿರಿ.

ಹೊಸ ಪ್ಲಗ್ಗನ್ನು ಕೈಪಿಡಿಯಲ್ಲಿ ಹೇಳಿದ ನಂಬರಿನದೇ ಕೊಳ್ಳಿರಿ. ಶಾಖ ತಡೆಯುವ ಶಕ್ತಿಯನ್ನು ಆ ನಂಬರು ಹೇಳುತ್ತದೆ. ಒಂದು ಕಂಪನಿಯಲ್ಲಿ ಅಂಕಿ ಏರಿದರೆ ತಣ್ಣನೆಯ ಪ್ಲಗ್ಗು, ಇನ್ನೊಂದರಲ್ಲಿ ಬಿಸಿಯ ಪ್ಲಗ್ಗು. "ಅದರಂಥದೇ ಐತಿ" ಎಂಬ ಅಂಗಡಿಯವನ ಮಾತು ಸಾಲದು. ಇಂದಿಗೂ ಹಲವರ ಬಾಯಲ್ಲಿ ಇದು ಮೈಕೊ ಪ್ಲಗ್ಗೇ. 1951ರಲ್ಲಿ ಆರಂಭವಾದ ಬೆಂಗಳೂರಿನ ಆ ಕಂಪನಿಯ ಹೆಸರು 2008ರಿಂದ ಬಾಷ್ ಎಂದಾಗಿದೆ. ಯಾವ ಕಂಪನಿಯದಾದರೂ ರಸೀದಿ ಪಡೆದು ಕೊಳ್ಳಿರಿ, ಎಲ್ಲವನ್ನೂ ಒಮ್ಮೆಗೇ ಬದಲಿಸಿರಿ.

ಸಂದನ್ನು ಫೀಲರ್ ಗೇಜಿನಿಂದ ಅಳೆಯಿರಿ. ಇರಿಡಿಯಂ ತುದಿಯನ್ನು ಮಾತ್ರ ಮುಟ್ಟಬೇಡಿ, ಅದು ಸೂಜಿಯಂತೆ ನಾಜೂಕು. ಬಳಿಕ ಪ್ಲಗ್ಗಿನ ತಲೆಗೆ ಗೇಣುದ್ದದ ರಬ್ಬರು ಕೊಳವೆ ಸಿಕ್ಕಿಸಿ, ಕೈಯಿಂದಲೇ ತಿರುಗಿಸುತ್ತ ಕೂರಿಸಿರಿ. ಥ್ರೆಡ್ಡು ಅಡ್ಡ ಹತ್ತಿದರೆ ಕೊಳವೆ ಜಾರುತ್ತದೆ, ಎಂಜಿನ್ನು ಉಳಿಯುತ್ತದೆ. ಕೈಗೆ ಬಿಗಿಯಾದ ಮೇಲೆ, ವಾಷರು ಇರುವ ಹೊಸ ಪ್ಲಗ್ಗಿಗೆ ಪಾನಾದಿಂದ ಸುಮಾರು ಅರ್ಧ ಸುತ್ತು ಸಾಕು. ಡಬ್ಬಿಯ ಮೇಲಿನ ಚಿತ್ರವನ್ನೂ ನೋಡಿಕೊಳ್ಳಿ. ತೋಳ್ಬಲ ತೋರಿಸುವ ಜಾಗ ಇದಲ್ಲ.

ಇನ್ನು ಹಳೆಯ ಪ್ಲಗ್ಗಿನ ಮುಖ. ತಿಳಿಕಂದು ಇಲ್ಲವೆ ಬೂದು ಬಣ್ಣವಿದ್ದರೆ ಎಂಜಿನ್ನು ಆರೋಗ್ಯವಾಗಿದೆ. ಒಣ ಕರಿ ಮಸಿಯಿದ್ದರೆ ಪೆಟ್ರೋಲು ಹೆಚ್ಚಾಗಿದೆ, ಇಲ್ಲವೆ ಓಟ ಗಿಡ್ಡವಾಗಿದೆ. ಗಾಳಿಯ ಫಿಲ್ಟರನ್ನೂ ನೋಡಿಸಿ. ಎಣ್ಣೆಯಲ್ಲಿ ಅದ್ದಿದಂತಿದ್ದರೆ ಎಂಜಿನ್ ಆಯಿಲು ಒಳಗೆ ಇಳಿಯುತ್ತಿದೆ. ಹೊಸ ಪ್ಲಗ್ಗು ಆ ರೋಗಕ್ಕೆ ಮದ್ದಲ್ಲ. ಪಿಂಗಾಣಿ ಬೆಳ್ಳಗೆ ಬೆಂದು ಗುಳ್ಳೆಯೆದ್ದಿದ್ದರೆ ಎಂಜಿನ್ನು ಮಿತಿಮೀರಿ ಕಾಯುತ್ತಿದೆ. ಕೂಡಲೆ ಮಿಸ್ತ್ರಿಗೆ ತೋರಿಸಿರಿ. ಉಪ್ಪುಕಾಗದದಿಂದ ತಿಕ್ಕಿ ಮತ್ತೆ ಹಾಕುವ ರೂಢಿ ಬೇಡ. ಅದರಿಂದ ಸವೆದ ಲೋಹ ಮರಳಿ ಬಾರದು.

ಸಾಮಾನ್ಯ ಪ್ಲಗ್ಗುಗಳ ಒಂದು ಜೊತೆಯ ಖರ್ಚು ಒಂದು ಟ್ಯಾಂಕು ಪೆಟ್ರೋಲಿಗಿಂತ ಕಡಿಮೆ. ಬದಲಿಸಿದ ದಿನವನ್ನೂ ಕಿಲೋಮೀಟರನ್ನೂ ಒಂದು ಚೀಟಿಯಲ್ಲಿ ಬರೆದು ಗಾಡಿಯಲ್ಲೇ ಇಡಿರಿ. ಹಳೆಯ ಪ್ಲಗ್ಗುಗಳಲ್ಲಿ ಚಲೋದೊಂದನ್ನು ಪಾನಾದ ಜೊತೆಗೆ ಡಿಕ್ಕಿಯಲ್ಲಿ ಕಟ್ಟಿಡಿರಿ. ಸಿಂದಗಿಯಿಂದಾಚೆ ಎಲ್ಲೋ ದಾರಿಯಲ್ಲಿ ನಿಂತಾಗ ಅದೇ ನಿಮ್ಮನ್ನು ಊರು ಮುಟ್ಟಿಸೀತು.