ಪರದೇಶಕ್ಕೆ ಹೋದವನ ಬೆನ್ನು ಹತ್ತುವ ತೆರಿಗೆ
(ಕತಾರ್‌ಗಾಮ್‌ನ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ನಿಮ್ಮಲ್ಲಿ ಕೆಲವರು ರಾತ್ರಿ ಪಾಳಿಗೆ ಹೋಗಬೇಕಾದವರು. ಆದುದರಿಂದ ಪೀಠಿಕೆಯನ್ನು ಬಿಟ್ಟು ನೇರವಾಗಿ ವಿಷಯಕ್ಕೆ ಬರುತ್ತೇನೆ.

ನನ್ನ ಗೆಳೆಯನೊಬ್ಬ ಇದೇ ಕತಾರ್‌ಗಾಮ್‌ನಲ್ಲಿ ಸಣ್ಣ ಖಾನಾವಳಿ ನಡೆಸುತ್ತಿದ್ದ. ಬಾಡಿಗೆ ಏರಿತು, ಬಾಗಿಲು ಹಾಕಿದ, ದೋಹಾಕ್ಕೆ ಅಡಿಗೆಯವನಾಗಿ ಹೋದ. ಮೂರು ವರ್ಷಗಳ ಮೇಲೆ ಕುಂದಾಪುರದ ಕಡೆಯ ಅವನ ಮನೆಗೆ ಒಂದು ನೋಟೀಸು ಬಂತು. ಗುಜರಾತಿ ಲಿಪಿ, ಓದುವವರು ಯಾರು? ತಾಯಿ ಅದನ್ನು ಜೋಪಾನವಾಗಿ ಅಕ್ಕಿ ಡಬ್ಬಿಯ ಅಡಿಗೆ ಇಟ್ಟರು. ಅವನು ರಜೆಗೆ ಬರುವಷ್ಟರಲ್ಲಿ ಬಾಕಿಯ ಮೇಲೆ ಬಡ್ಡಿಯೂ ಬೆಳೆದಿತ್ತು.

ಇದು ಇನ್‌ಕಮ್ ಟ್ಯಾಕ್ಸ್ ಅಲ್ಲ. ಅದು ಕೇಂದ್ರ ಸರಕಾರದ್ದು. ವ್ಯವಸಾಯದ ಆದಾಯವೊಂದರ ಮೇಲೆ ಮಾತ್ರ ರಾಜ್ಯಕ್ಕೆ ಅಧಿಕಾರ. ನಮ್ಮ ಪಗಾರದಲ್ಲಿ ರಾಜ್ಯದ ಹೆಸರಿನಲ್ಲಿ ಮುರಿಯುವುದು ವೃತ್ತಿ ತೆರಿಗೆ. ಸಂವಿಧಾನದ 276ನೆಯ ಅನುಚ್ಛೇದ ಇದಕ್ಕೆ ಆಧಾರ. 1950ರಲ್ಲಿ ವರ್ಷಕ್ಕೆ 250 ರೂಪಾಯಿಯ ಮಿತಿ ಇತ್ತು. 1988ರಲ್ಲಿ 2,500 ಆಯಿತು. ಗುಜರಾತಿನ ಕಾಯಿದೆ 1976ರದು. 2008ರಿಂದ ಇದರ ವಸೂಲಿ ನಗರಪಾಲಿಕೆಯಂಥ ಸ್ಥಳೀಯ ಸಂಸ್ಥೆಗಳ ಕೈಯಲ್ಲಿದೆ. 2022ರ ಏಪ್ರಿಲ್‌ನಿಂದ ತಿಂಗಳಿಗೆ 12,000 ರೂಪಾಯಿಯವರೆಗಿನ ಪಗಾರಕ್ಕೆ ತೆರಿಗೆ ಇಲ್ಲ, ಮೇಲಿದ್ದರೆ 200.

ಮಿಲ್ಲಿನಲ್ಲಿಯೋ ಹೋಟೆಲಿನಲ್ಲಿಯೋ ಪಗಾರಕ್ಕೆ ದುಡಿಯುವವನು ಅಷ್ಟಾಗಿ ಹೆದರಬೇಕಾಗಿಲ್ಲ. ಮುರಿದು ಕಟ್ಟತಕ್ಕವನು ಮಾಲಿಕ. ಅವನು ಮುರಿಯದೆ ಬಿಟ್ಟಿದ್ದರೂ ಕಟ್ಟುವ ಹೊಣೆ ಅವನದೇ ಎಂದು ಕಾಯಿದೆ ಹೇಳುತ್ತದೆ. ನೀವು ಪಗಾರ ಚೀಟಿಗಳನ್ನೂ ಕೆಲಸ ಬಿಟ್ಟ ಪತ್ರವನ್ನೂ ಇಟ್ಟುಕೊಂಡರಾಯಿತು. (ಪಗಾರ ಚೀಟಿಯನ್ನೇ ಕೊಡದ ಮಾಲಿಕರ ಮಾತು ಬೇರೆ, ಅದಕ್ಕೆ ಇನ್ನೊಂದು ಸಭೆಯೇ ಬೇಕು!)

ತೊಂದರೆ ಇರುವುದು ಸ್ವಂತ ಅಂಗಡಿ, ಖಾನಾವಳಿ ಇಟ್ಟವರಿಗೆ. ಅವರ ಹೆಸರು ನೇರವಾಗಿ ದಫ್ತರದಲ್ಲಿ ಇರುತ್ತದೆ. ಅಂಗಡಿ ಮುಚ್ಚಿದ ಮಾತ್ರಕ್ಕೆ ಹೆಸರು ಅಳಿಯುವುದಿಲ್ಲ. ನೀವು ಬರೆದು ಕೊಡದೆ ಕಚೇರಿಗೆ ತಿಳಿಯುವ ಬಗೆ ಹೇಗೆ? ಬಾಗಿಲು ಹಾಕಿದ ದಿನವೇ ಬಾಕಿ ತೀರಿಸಿ, ನೋಂದಣಿ ರದ್ದು ಮಾಡಲು ಅರ್ಜಿ ಕೊಟ್ಟು, ಪ್ರತಿಯ ಮೇಲೆ ಆವಕದ ಮೊಹರು ಹಾಕಿಸಿಕೊಳ್ಳಿ. ಆ ಮೊಹರಿಗಾಗಿ ಅರ್ಧ ದಿನ ಹೋದರೂ ಹೋಗಲಿ.

ಈಗಾಗಲೇ ಹೋದವರಿಗೆ ನೋಟೀಸು ಬಂದರೆ? ಸುಮ್ಮನಿರಲೂ ಬೇಡಿ, ಗಾಬರಿಯಿಂದ ಪೂರ್ತಿ ಕಟ್ಟಲೂ ಬೇಡಿ. ಯಾವ ಯಾವ ವರ್ಷದ್ದೆಂದು ಮೊದಲು ಓದಿಸಿ. ಇಲ್ಲಿನ ಶಾಲೆಗೆ ಹೋದ ನಿಮ್ಮ ಮಕ್ಕಳಿಗೇ ಗುಜರಾತಿ ಬರುತ್ತದಲ್ಲ! ಪಾಸ್‌ಪೋರ್ಟಿನ ಹೊರಟ ಮುದ್ರೆ, ಅಂಗಡಿಯ ಬಾಡಿಗೆ ಬಿಟ್ಟ ಕಾಗದ ಇವುಗಳ ನಕಲು ಇಟ್ಟು, ಕೊಟ್ಟ ಗಡುವಿನೊಳಗೆ ಲಿಖಿತ ಉತ್ತರ ಕೊಡಿ. ದೋಹಾದಲ್ಲಿ ದುಡಿದ ಪಗಾರದ ಮೇಲೆ ಗುಜರಾತಿಗೆ ವೃತ್ತಿ ತೆರಿಗೆ ಸಲ್ಲುವುದಿಲ್ಲ.

ಕೇಂದ್ರದ ತೆರಿಗೆಯ ಮಾತೂ ಒಂದಿದೆ. ನೌಕರಿಗೆಂದು ಪರದೇಶಕ್ಕೆ ಹೋದವನು ಆ ವರ್ಷದಲ್ಲಿ ಭಾರತದಲ್ಲಿ 182 ದಿನಕ್ಕಿಂತ ಕಡಿಮೆ ಇದ್ದರೆ, ಅಲ್ಲಿ ದುಡಿದು ಅಲ್ಲಿಯೇ ಪಡೆದ ಪಗಾರಕ್ಕೆ ಸಾಮಾನ್ಯವಾಗಿ ಇಲ್ಲಿ ತೆರಿಗೆ ಬೀಳುವುದಿಲ್ಲ. ಊರಿನ ಮನೆಯ ಬಾಡಿಗೆ, ಬ್ಯಾಂಕಿನ ಬಡ್ಡಿ ಮಾತ್ರ ಇಲ್ಲಿಯ ಲೆಕ್ಕಕ್ಕೆ ಸೇರಿದವು.

ನನ್ನ ಗೆಳೆಯ ಖಾನಾವಳಿ ನಡೆಸಿದ ಕಾಲದ ಬಾಕಿಯನ್ನು ಬಡ್ಡಿ ಸಹಿತ ಕಟ್ಟಿದ, ಅದು ಕೊಡತಕ್ಕದ್ದೇ. ಮುಚ್ಚಿದ ಮೇಲಿನ ವರ್ಷಗಳಿಗಾಗಿ ಅರ್ಜಿ ಹಾಕಿದ್ದಾನೆ. ಅದರ ತೀರ್ಮಾನ ಇನ್ನೂ ಬಂದಿಲ್ಲ.