ಕೌಟಿಲ್ಯನ ದುರ್ಬಲ ರಾಜ, ಅಥಣಿಯ ಚಪ್ಪಲಿ

ವ್ಯಾಪಾರವನ್ನು ಯುದ್ಧಕ್ಕೆ ಹೋಲಿಸುವವರು ಸಾಮಾನ್ಯವಾಗಿ ಗೆಲ್ಲುವ ರಾಜನ ಪರವಾಗಿಯೇ ಮಾತಾಡುತ್ತಾರೆ. ಆದರೆ ಮೈಸೂರಿನ ಓರಿಯಂಟಲ್ ಲೈಬ್ರರಿಯ ತಾಳೆಗರಿಯಿಂದ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದುರ್ಬಲ ರಾಜನಿಗೆಂದೇ ಒಂದು ಅಧಿಕರಣವಿದೆ, ಹನ್ನೆರಡನೆಯದು. ಬಲಿಷ್ಠ ಮೇಲೆ ಬಿದ್ದರೆ ತಲೆಬಾಗಿಬಿಡು ಎಂದಿದ್ದರು ಹಿಂದಿನ ಒಬ್ಬ ಆಚಾರ್ಯರು. ಇದ್ದಬದ್ದ ಸೈನ್ಯವನ್ನೆಲ್ಲ ಕಟ್ಟಿಕೊಂಡು ಕಾದಾಡು ಎಂದಿದ್ದರು ಇನ್ನೊಬ್ಬರು. ಕೌಟಿಲ್ಯ ಎರಡನ್ನೂ ಒಪ್ಪುವುದಿಲ್ಲ. ಆ ಶತ್ರುವಿಗಿಂತ ದೊಡ್ಡವನ ಆಸರೆ ಹಿಡಿ, ಇಲ್ಲವೇ ಗಟ್ಟಿಯಾದ ಕೋಟೆ ಸೇರು ಎನ್ನುತ್ತಾನೆ.

ನಮ್ಮ ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ ಕಡೆಯ ಚಪ್ಪಲಿ ಕಸುಬಿನವರ ಪಾಡು ಆ ದುರ್ಬಲ ರಾಜನದೇ. ಜಾಲಿಯ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ಚರ್ಮ. ಎಮ್ಮೆ ಚರ್ಮದ ಅಟ್ಟೆ. ಮೊಳೆ ಹೊಡೆಯುವುದಿಲ್ಲ, ಚರ್ಮದ ಎಳೆಯಲ್ಲೇ ಹೊಲಿಗೆ. ಅಟ್ಟೆ ಕತ್ತರಿಸುವುದು ಗಂಡಸರು. ಮೇಲಿನ ಜಡೆ ಹೆಣೆಯುವ ನವಿರಾದ ಕೆಲಸ ಹೆಚ್ಚಾಗಿ ಹೆಂಗಸರದು. ಇಷ್ಟೆಲ್ಲ ಇಲ್ಲಿ ಆಗಿಯೂ ಸರಕಿಗೆ ಹೆಸರು ಮಾತ್ರ ಕೊಲ್ಹಾಪುರಿ!

ಆ ಹೆಸರಿಗೇ ಒಂದು ಕೋಟೆ ಕಟ್ಟಲಾಯಿತು. ಕರ್ನಾಟಕದ ನಾಲ್ಕು, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೆ ಸೇರಿ ಜಿಐ ಎಂಬ ಭೌಗೋಳಿಕ ಗುರುತು ಸಿಕ್ಕಿತು. ಹಾಗಿದ್ದೂ 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಫ್ಯಾಷನ್ ಪ್ರದರ್ಶನದಲ್ಲಿ ಇದೇ ಆಕಾರದ ಚಪ್ಪಲಿಯನ್ನು ಮೆರೆಸಿತು, ಕೊಲ್ಹಾಪುರಿ ಎಂಬ ಮಾತನ್ನೇ ಆಡಲಿಲ್ಲ. ಕೋಟೆ ಕಾಯುವುದು ಹೆಸರನ್ನು. ಆಕಾರ ಗೋಡೆಯ ಹೊರಗೇ ಉಳಿದಿತ್ತು. ಕೆಲವು ವಕೀಲರು ಮುಂಬಯಿ ಹೈಕೋರ್ಟಿಗೆ ಹೋದರು, ಅರ್ಜಿ ನಿಲ್ಲಲಿಲ್ಲ.

ಆ ಬಲಿಷ್ಠ ಕಂಪನಿಯನ್ನು ಮಾತುಕತೆಗೆ ಎಳೆದು ತಂದದ್ದು ಜನರ ಕೂಗು. ಯುದ್ಧಕ್ಕೂ ವ್ಯಾಪಾರಕ್ಕೂ ಇರುವ ನಿಜವಾದ ಅಂತರ ನನಗೆ ಕಾಣುವುದು ಇಲ್ಲಿ: ರಣರಂಗದಲ್ಲಿ ನೋಡುವವರಿಗೆ ದನಿಯಿಲ್ಲ, ಸಂತೆಯಲ್ಲಿ ಕೊಳ್ಳುವವರಿಗೆ ಇದೆ. ಕಂಪನಿ ಮೂಲವನ್ನು ಒಪ್ಪಿಕೊಂಡಿತು. ಅದೇ ಡಿಸೆಂಬರಿನಲ್ಲಿ ನಮ್ಮ ಚರ್ಮೋದ್ಯಮ ನಿಗಮ ಲಿಡ್ಕರ್ ಮತ್ತು ಮಹಾರಾಷ್ಟ್ರದ ಲಿಡ್ಕಾಂ ಜೊತೆ ಅದರ ಒಪ್ಪಂದವಾಯಿತು. ಸುಮಾರು 2000 ಜೋಡಿ ಇಲ್ಲೇ ತಯಾರಾಗಬೇಕು, ಜೋಡಿಯ ಬೆಲೆ ಸುಮಾರು 800 ಯೂರೋ ಎಂದು ಆಗ ಹೇಳಲಾಯಿತು.

ಕೌಟಿಲ್ಯ ಗೆಲ್ಲುವವರಲ್ಲೂ ಮೂರು ಬಗೆ ಹೇಳುತ್ತಾನೆ. ಧರ್ಮವಿಜಯಿಗೆ ಶರಣು ಬಂದರೆ ಸಾಕು. ಲೋಭವಿಜಯಿಗೆ ನೆಲ, ಹಣ ಬೇಕು. ಅಸುರವಿಜಯಿ ಪ್ರಾಣವನ್ನೂ ಬಿಡುವುದಿಲ್ಲ. ಎದುರಿಗಿರುವವನು ಯಾವ ಬಗೆಯವನೆಂದು ಅರಿತೇ ಸಂಧಿಗೆ ಕೂರಬೇಕು. ಸಂಧಿ ಎಂದರೆ ಅವನ ಲೆಕ್ಕದಲ್ಲಿ ಷರತ್ತು ಕಟ್ಟಿದ ಒಪ್ಪಂದ. ಈ ಒಪ್ಪಂದದಲ್ಲೂ ನಾನು ಮೊದಲು ಕೇಳುವ ಷರತ್ತು ಒಂದೇ: ಆ 800 ಯೂರೋದಲ್ಲಿ ಅಥಣಿಯಲ್ಲಿ ಕುಳಿತು ಜಡೆ ಹೆಣೆಯುವ ಹೆಣ್ಣುಮಗಳ ಕೈಗೆ ಎಷ್ಟು?